ಉತ್ತವನು ಫೋಗರ್ಟಿ, ಪಹಣಿ ಕಂಪನಿ ಹೆಸರಿಗೆ

ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ರಾಕ್ ತಂಡಕ್ಕಾಗಿ ಜಾನ್ ಫೋಗರ್ಟಿ ಬರೆದು ಹಾಡಿದ ‘ಬಾರ್ನ್ ಆನ್ ದ ಬಯೂ’ ಶುರುವಾಗುವುದು ಒಂದೇ ಕಾರ್ಡಿನಿಂದ, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಒಂದೇ ಹಿಡಿತದಿಂದ: ಇ-7. ಗಿಟಾರ್ ಹಿಡಿದು ಮೂರು ತಿಂಗಳಾದವರಿಗೂ ಬರುವ ಕಾರ್ಡ್. ಆದರೂ ಈ ಹಾಡನ್ನು ಕವರ್ ಮಾಡುವ ಬ್ಯಾಂಡುಗಳು ಎಷ್ಟೋ ಸಲ ಹಾಡುಗಾರ ಬಾಯಿ ತೆರೆಯುವ ಮೊದಲೇ ಎಡವುತ್ತವೆ. ಕೇಳಲು ಒರಟಾಗಿದೆಯಲ್ಲ ಎಂದು ಗಿಟಾರಿಸ್ಟ್ ಶಬ್ದವನ್ನು ಸೀಳಿ ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತುಳಿದಿರುತ್ತಾನೆ. ಅಲ್ಲಿಗೆ ಮುಗಿಯಿತು. ಮೂಲ ರೆಕಾರ್ಡಿಂಗಿನಲ್ಲಿ ಆ ಶಬ್ದವನ್ನು ನಡುಗಿಸುತ್ತಿರುವುದು ಟ್ರೆಮೊಲೊ. ಸ್ವರ ಇದ್ದಲ್ಲೇ ಇರುತ್ತದೆ, ವಾಲ್ಯೂಮ್ ಮಾತ್ರ ಅಲೆಯಂತೆ ಏರಿ ಇಳಿಯುತ್ತದೆ. ಡಿಸ್ಟಾರ್ಷನ್ನಿನ ಕೆಲಸವೇ ಏರಿಳಿತವನ್ನು ತಟ್ಟಿ ಮಟ್ಟ ಮಾಡುವುದು. ಟ್ರೆಮೊಲೊ ಮೊದಲು, ಡಿಸ್ಟಾರ್ಷನ್ ಆಮೇಲೆ ಬಂದರೆ ಅಲೆ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಗೇನ್ ತಗ್ಗಿಸಿ, ಟ್ರೆಮೊಲೊದ ಆಳ ಹೆಚ್ಚಿಸಿ, ಕಾರ್ಡನ್ನು ಒಮ್ಮೆಗೇ ಬಾರಿಸದೆ ತಂತಿ ತಂತಿಯಾಗಿ ಬಿಡಿಸಿ ನುಡಿಸಿದರೆ ಹಾಡಿನ ಹೆಸರಿನಲ್ಲಿರುವ ಬಯೂವಿನ, ಅಂದರೆ ಜೌಗುತೊರೆಯ, ವಾಸನೆ ತಾನಾಗಿ ಬರುತ್ತದೆ. ಇನ್ನೊಂದು ತೊಡಕೂ ಇದೆ. ಹಳೆಯ ಆಂಪ್ಲಿಫೈಯರಿನ (ಆಂಪ್) ಟ್ರೆಮೊಲೊ ತನ್ನದೇ ಲೆಕ್ಕದಲ್ಲಿ ಓಡುತ್ತದೆ, ಡ್ರಮ್ಮರ್ ಮಾತು ಕೇಳುವುದಿಲ್ಲ. ಆದ್ದರಿಂದ ಹಾಡು ಶುರುಮಾಡಲು ಒಂದು, ಎರಡು ಎಂದು ಎಣಿಸುವ ಮುಂಚೆ ಕಾರ್ಡ್ ಬಾರಿಸಿ, ಅಲೆಯ ವೇಗ ಕೇಳಿಸಿಕೊಂಡು, ಅದಕ್ಕೆ ಹೊಂದುವ ಲಯದಲ್ಲಿ ಎಣಿಸಬೇಕು. ಹಾಡು ಓಡತೊಡಗಿದ ಮೇಲೆ ಗುಬುಟು ತಿರುಗಿಸಿ ಸರಿಮಾಡುತ್ತೇನೆ ಎಂದರೆ ಆಗದ ಮಾತು.

ಜಾನ್ ಫೋಗರ್ಟಿ ಇದಕ್ಕೆ ಬಳಸುತ್ತಿದ್ದದ್ದು ಕಸ್ಟಮ್ ಕಂಪನಿಯ ಕೆ-200ಎ ಆಂಪ್. ಕ್ಯಾನ್ಸಾಸ್ ರಾಜ್ಯದಲ್ಲಿ ತಯಾರಾಗುತ್ತಿದ್ದ ಈ ಆಂಪಿಗೆ ಕಾರಿನ ಸೀಟಿನಂತೆ ಮೆತ್ತೆ ಹಾಕಿ ಹೊಲಿದ ರೆಕ್ಸಿನ್ ಹೊದಿಕೆ. ಒಳಗೆ ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್. ವಾಲ್ವ್ ಆಂಪ್ ಎಂದರೆ ಕೈಮುಗಿಯುವ ಗಿಟಾರ್ ಭಕ್ತರಿಗೆ ಈ ಸಂಗತಿ ಇವತ್ತಿಗೂ ಅರಗುವುದಿಲ್ಲ.

‘ಬ್ಯಾಡ್ ಮೂನ್ ರೈಸಿಂಗ್’ ಬಗ್ಗೆಯೂ ಇಂಥದೇ ಒಂದು ಮಾತಿದೆ. ಹಾಡು ಕೇಳಿಸುವುದು ಡಿ ಶ್ರುತಿಯಲ್ಲಿ. ಕಾರ್ಡುಗಳು ಡಿ, ಎ, ಜಿ. ಪುಸ್ತಕ ನೋಡಿಕೊಂಡು ನುಡಿಸುವವರು ಮಾಮೂಲಿ ಡಿ ಕಾರ್ಡ್ ಹಿಡಿಯುತ್ತಾರೆ, ತೆಳ್ಳಗೆ ಕೇಳಿಸುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಆ ಕಾರ್ಡಿನಲ್ಲಿ ದೊರೆಯುವುದು ನಾಲ್ಕೇ ತಂತಿ. ಫೋಗರ್ಟಿ ತನ್ನ ಲೆಸ್ ಪಾಲ್ ಗಿಟಾರಿನ ಆರೂ ತಂತಿಗಳನ್ನು ಒಂದು ಪೂರ್ತಿ ಸ್ವರ ಕೆಳಗಿಳಿಸಿಕೊಂಡು ಡಿ, ಜಿ, ಸಿ, ಎಫ್, ಎ, ಡಿ ಎಂದು ಶ್ರುತಿ ಮಾಡಿ, ಇ ಕಾರ್ಡಿನ ಹಿಡಿತದಲ್ಲೇ ಬಾರಿಸುತ್ತಾನೆ. ಬೆರಳಿಗೆ ಇ, ಬಿ, ಎ. ಕಿವಿಗೆ ಡಿ, ಎ, ಜಿ. ಆರೂ ತಂತಿ ಒಟ್ಟಿಗೆ ಮೊಳಗುತ್ತವೆ, ಮಂದ್ರದ ತಂತಿ ತೆರೆದೇ ಇರುತ್ತದೆ. ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಎಚ್ಚರಿಕೆ: 9ರ ತೆಳು ತಂತಿಗಳ ಸೆಟ್ ಹಾಕಿಕೊಂಡು ಇಷ್ಟು ಇಳಿಸಿದರೆ ತಂತಿ ಜೋಲುತ್ತದೆ, ಫ್ರೆಟ್ಟಿಗೆ ಬಡಿದು ಝುಂಯ್ ಎನ್ನುತ್ತದೆ, ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಶ್ರುತಿ ಮೇಲಕ್ಕೆ ಜಾರುತ್ತದೆ. 11ರ ದಪ್ಪ ಸೆಟ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಷ್ಟೆಲ್ಲ ಸಣ್ಣ ವಿವರ ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಹೀಗೆ ಒಬ್ಬನೇ ಕಟ್ಟಿದ ಈ ಶಬ್ದ ಯಾರ ಸೊತ್ತು ಎಂಬ ಪ್ರಶ್ನೆ ಮುಂದೆ ಅಮೆರಿಕದ ಕೋರ್ಟಿನಲ್ಲಿ ತೀರ್ಮಾನವಾಗಬೇಕಾಯಿತು. ಫೋಗರ್ಟಿಯ ವೃತ್ತಿಯ ಕಥೆಯನ್ನು ಹಿಟ್ ಹಾಡುಗಳ ಪಟ್ಟಿಯಾಗಿ ಓದಿದರೆ ಅದರ ತಿರುಳು ಸಿಗುವುದಿಲ್ಲ. ಅದನ್ನು ಒಂದು ಜಮೀನಿನ ವ್ಯಾಜ್ಯದ ಹಾಗೆ ಓದಬೇಕು.

ಹಾಡು ಕೇಳಿದವರು ಈತ ಲೂಸಿಯಾನಾದ ತೋಡು ತೊರೆಗಳ ನಡುವೆ ಬೆಳೆದವನು ಅಂದುಕೊಳ್ಳುತ್ತಾರೆ. ಹುಟ್ಟಿದ್ದು 1945ರ ಮೇ 28ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಬೆಳೆದದ್ದು ಪಕ್ಕದ ಎಲ್ ಸೆರಿಟೊ ಊರಲ್ಲಿ. ಅಮೆರಿಕದ ದಕ್ಷಿಣ ಭಾಗ ಅವನಿಗೆ ಸಿಕ್ಕಿದ್ದು ರೇಡಿಯೊದಿಂದ, ಗಾಯಕರಾದ ಹೌಲಿನ್ ವುಲ್ಫ್ ಮತ್ತು ಲಿಟ್ಲ್ ರಿಚರ್ಡ್‌ರ ಗಂಟಲಿನಿಂದ. ‘ಪ್ರೌಡ್ ಮೇರಿ’ಯಲ್ಲಿ ‘ಬರ್ನಿಂಗ್’ ಎಂಬುದು ಅವನ ಬಾಯಲ್ಲಿ ‘ಬಾಯ್ನಿನ್’ ಆಗುತ್ತದೆ. ಬರ್ಕ್ಲಿಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಇದನ್ನು ನಕಲಿ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಕ್ಷಗಾನದ ವೇಷಧಾರಿ ಮನೆಯಲ್ಲಿ ಆ ದನಿಯಲ್ಲಿ ಮಾತಾಡುವುದಿಲ್ಲವಲ್ಲ. ರಂಗದ ಮೇಲೆ ಅದು ನಿಲ್ಲುತ್ತದೆಯೇ ಇಲ್ಲವೇ ಎಂಬುದಷ್ಟೇ ಲೆಕ್ಕ.

ಶಾಲೆಯ ಗೆಳೆಯರಾದ ಸ್ಟು ಕುಕ್ ಮತ್ತು ಡಗ್ ಕ್ಲಿಫರ್ಡ್ ಜೊತೆ 1959ರಲ್ಲಿ ಕಟ್ಟಿದ ಬ್ಲೂ ವೆಲ್ವೆಟ್ಸ್ ತಂಡಕ್ಕೆ ಅಣ್ಣ ಟಾಮ್ ಫೋಗರ್ಟಿ ಸೇರಿಕೊಂಡ. ಮೊದಮೊದಲು ಮುಖ್ಯ ಹಾಡುಗಾರ ಅಣ್ಣನೇ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫ್ಯಾಂಟಸಿ ರೆಕಾರ್ಡ್ಸ್ ಇವರನ್ನು ಒಪ್ಪಿಕೊಂಡು, ಇವರನ್ನು ಕೇಳದೆಯೇ ‘ಗೊಲಿವಾಗ್ಸ್’ ಎಂದು ಹೆಸರಿಟ್ಟಿತು. ಫ್ಯಾಂಟಸಿ ಮೂಲತಃ ಜಾಝ್ ಕಂಪನಿ. 1967ರಲ್ಲಿ ಅದನ್ನು ಸಾಲ್ ಝೇಂಟ್ಸ್ ಮತ್ತು ಪಾಲುದಾರರು ಕೊಂಡರು; ಮುಂದೆ ‘ಅಮೇಡಿಯಸ್’ ಸಿನಿಮಾ ನಿರ್ಮಿಸಿ ಆಸ್ಕರ್ ಪಡೆದ ಝೇಂಟ್ಸ್ ಇವರೇ. ಅದೇ ಹೊತ್ತಿಗೆ ತಂಡದ ಹೆಸರು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂದಾಯಿತು, ಎಲ್ಲರ ಬಾಯಲ್ಲಿ ಸಿಸಿಆರ್. 1968ರ ಮೊದಲ ಆಲ್ಬಮ್ಮಿನ ‘ಸೂಸಿ ಕ್ಯೂ’ 8 ನಿಮಿಷ 37 ಸೆಕೆಂಡಿನದು. 45 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸದೆ, ಸಿಂಗಲ್ಲಿನಲ್ಲಿ ಎರಡು ಮಗ್ಗುಲಿಗೆ ಹಂಚಿ ಹಾಕಬೇಕಾಯಿತು.

ಆಮೇಲಿನ ವೇಗ ನಂಬಲು ಕಷ್ಟ. 1969 ಒಂದೇ ವರ್ಷದಲ್ಲಿ ಮೂರು ಆಲ್ಬಮ್: ‘ಬಯೂ ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’. 1970ರಲ್ಲಿ ಇನ್ನೆರಡು. ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಸ್ವಂತ ಹಾಡುಗಳನ್ನೂ ಬರೆದವನು, ಹಾಡಿದವನು, ವಾದ್ಯ ಜೋಡಿಸಿದವನು, ಪ್ರೊಡ್ಯೂಸ್ ಮಾಡಿದವನು ಒಬ್ಬನೇ. ಅದೂ ಇಪ್ಪತ್ತಾರು ತುಂಬುವ ಮೊದಲೇ.

ಇದು ಹೇಗೆ ಸಾಧ್ಯವಾಯಿತು ಎಂದರೆ, ಸ್ಟುಡಿಯೊದಲ್ಲಿ ಅವರು ಹಾಡು ಹುಡುಕುತ್ತಿರಲಿಲ್ಲ. ಅಭ್ಯಾಸದ ಜಾಗವನ್ನು ‘ಫ್ಯಾಕ್ಟರಿ’ ಎಂದು ಕರೆಯುತ್ತಿದ್ದರು, ನಡೆಯುತ್ತಿದ್ದದ್ದೂ ಹಾಗೆಯೇ: ದಿನವೂ ಹೋಗಿ, ಒಂದೊಂದು ಹಾಡನ್ನು ವಾರಗಟ್ಟಲೆ ತಿಕ್ಕಿ, ನಿದ್ದೆಗಣ್ಣಲ್ಲೂ ತಪ್ಪದ ಹಾಗೆ ಮಾಡಿಕೊಂಡು, ಆಮೇಲೆ ಸ್ಟುಡಿಯೊ. ‘ಗ್ರೀನ್ ರಿವರ್’ನಿಂದ ಮುಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ವಾಲಿ ಹೈಡರ್ ಸ್ಟುಡಿಯೊ, ಎಂಟು ಟ್ರ್ಯಾಕಿನ ಟೇಪು, ಎಂಜಿನಿಯರ್ ರಸ್ ಗ್ಯಾರಿ. ಡ್ರಮ್ಸ್, ಬೇಸ್, ಎರಡು ಗಿಟಾರ್ ನಾಲ್ವರೂ ಒಟ್ಟಿಗೆ ಕೂತು ನುಡಿಸಿ ಕೆಲವೇ ಟೇಕುಗಳಲ್ಲಿ ಅಡಿಪಾಯ ಮುಗಿಸುತ್ತಿದ್ದರು. ನಂತರ ಜಾನ್ ಒಬ್ಬನೇ ಬಂದು ಹಾಡು, ಹಿಂದಿನ ದನಿಗಳು, ಹೆಚ್ಚುವರಿ ಗಿಟಾರ್ ಸೇರಿಸುತ್ತಿದ್ದ.

ಎಂಟೇ ಟ್ರ್ಯಾಕ್ ಎಂದರೆ ಎಂಥ ಕಟ್ಟುಪಾಡು ಎಂಬುದು ಇವತ್ತು ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ತೆರೆಯುವವರಿಗೆ ಅಂದಾಜಾಗದು. ಡ್ರಮ್ಮಿಗೆ ಎರಡು ಕೊಟ್ಟರೆ, ಬೇಸಿಗೆ ಒಂದು, ಗಿಟಾರುಗಳಿಗೆ ಎರಡು, ಉಳಿಯುವುದು ಮೂರು. ಮುಖ್ಯ ಹಾಡುಗಾರಿಕೆ, ಹಿಂದಿನ ದನಿ, ಸೋಲೊ, ತಮಟೆ ಚಿಟಿಕೆ ಏನೇ ಇದ್ದರೂ ಅಷ್ಟರೊಳಗೆ. ಜಾಗ ಸಾಲದಿದ್ದರೆ ಎರಡು ಟ್ರ್ಯಾಕನ್ನು ಸೇರಿಸಿ ಒಂದಕ್ಕೆ ಇಳಿಸಬೇಕು, ಇಳಿಸಿದ ಮೇಲೆ ಬೇರ್ಪಡಿಸಲು ಬರುವುದಿಲ್ಲ, ಪ್ರತಿ ಸಲವೂ ಟೇಪಿನ ಸುಯ್ ಶಬ್ದ ಒಂದಿಷ್ಟು ಹೆಚ್ಚುತ್ತದೆ. ಆದ್ದರಿಂದ ಯಾವುದು ಬೇಕು, ಯಾವುದು ಬೇಡ ಎಂಬುದು ಮೊದಲೇ ತಲೆಯಲ್ಲಿ ತೀರ್ಮಾನವಾಗಿರಬೇಕು. ಸಿಸಿಆರ್ ಹಾಡುಗಳಲ್ಲಿ ಕಿವಿಗೆ ಸಿಗುವ ಖಾಲಿ ಜಾಗ ಹೀಗೆ ಹುಟ್ಟಿದ್ದು. ‘ಫಾರ್ಚುನೇಟ್ ಸನ್’ ಎರಡೂವರೆ ನಿಮಿಷವೂ ಇಲ್ಲ; ಒಂದು ಪದರ ಹೆಚ್ಚಿಗೆ ಹಾಕಿದ್ದರೂ ಆ ಸಿಟ್ಟು ಮೊಂಡಾಗುತ್ತಿತ್ತು.

ಎಲ್ಲವನ್ನೂ ಒಬ್ಬನೇ ಹಿಡಿದುಕೊಂಡದ್ದರ ಬೆಲೆಯೂ ಅಲ್ಲೇ ಮೊಳೆಯಿತು. ‘ಪ್ರೌಡ್ ಮೇರಿ’ ರೆಕಾರ್ಡ್ ಮಾಡುವಾಗ ಉಳಿದವರ ಹಿಂದಿನ ದನಿ ಅವನಿಗೆ ಹಿಡಿಸಲಿಲ್ಲ. ಎಲ್ಲ ದನಿಗಳನ್ನೂ ತಾನೇ ಒಂದರ ಮೇಲೊಂದು ಹಾಡಿ ಸೇರಿಸಿದ. ಫಲಿತಾಂಶ ಕೇಳಿದರೆ ಅವನ ಕಿವಿ ಸರಿಯೆಂದೇ ಹೇಳಬೇಕು. ಆದರೆ ಮೂವರು ಸಮಾನ ಗೆಳೆಯರಿಗೆ ಅವತ್ತು ತಾವು ಕೆಲಸದಾಳುಗಳು ಎಂದು ಗೊತ್ತಾಯಿತು. ತಂಡಕ್ಕೆ ಬೇರೆ ಮ್ಯಾನೇಜರ್ ಇರಲಿಲ್ಲ, ವ್ಯವಹಾರವನ್ನೂ ಅವನೇ ನೋಡುತ್ತಿದ್ದ. 1971ರ ಆರಂಭದಲ್ಲಿ ಟಾಮ್ ಹೊರನಡೆದ. 1972ರ ‘ಮಾರ್ಡಿ ಗ್ರಾ’ ಆಲ್ಬಮ್ಮಿನಲ್ಲಿ ಉಳಿದ ಮೂವರೂ ತಮ್ಮ ತಮ್ಮ ಹಾಡು ತಾವೇ ಬರೆದು ಹಾಡಬೇಕು ಎಂದಾಯಿತು. ಪಾಲು ಕೇಳಿದವರಿಗೆ ಹೊಲ ಹಂಚಿದ ಹಾಗಿತ್ತು, ಬೇಸಾಯ ಕಲಿಸಿರಲಿಲ್ಲ. ಆಲ್ಬಮ್ ಕೇಳುವುದು ಇವತ್ತಿಗೂ ಮುಜುಗರದ ಕೆಲಸ. ಅದೇ ವರ್ಷದ ಅಕ್ಟೋಬರಿನಲ್ಲಿ ತಂಡ ಮುಚ್ಚಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವರ ಐದು ಸಿಂಗಲ್ಲುಗಳು ಎರಡನೇ ಸ್ಥಾನ ಮುಟ್ಟಿದ್ದವು, ಒಂದೂ ಮೊದಲ ಸ್ಥಾನಕ್ಕೆ ಹೋಗಲಿಲ್ಲ.

ಇನ್ನು ಕಾಗದಪತ್ರದ ವಿಷಯ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಒಂದು ಸಾಹಿತ್ಯ ಮತ್ತು ರಾಗ. ಇದನ್ನು ಯಾರು ಹಾಡಿದರೂ ಬರೆದವನಿಗೆ ಮತ್ತು ಪಬ್ಲಿಷಿಂಗ್ ಹಕ್ಕುದಾರನಿಗೆ ಹಣ ಹೋಗುತ್ತದೆ. ಇನ್ನೊಂದು ಮಾಸ್ಟರ್, ಅಂದರೆ ಆ ನಿರ್ದಿಷ್ಟ ರೆಕಾರ್ಡಿಂಗ್. ಐಕ್ ಮತ್ತು ಟೀನಾ ಟರ್ನರ್ 1971ರಲ್ಲಿ ‘ಪ್ರೌಡ್ ಮೇರಿ’ ಹಾಡಿದಾಗ ಮೊದಲನೆಯ ಆಸ್ತಿ ಫಲ ಕೊಟ್ಟಿತು, ಎರಡನೆಯದಕ್ಕೆ ಸಂಬಂಧವೇ ಇಲ್ಲ. ಫೋಗರ್ಟಿಯ ಪಾಲಿಗೆ ಎರಡೂ ಕಂಪನಿಯ ಕಡೆ ಹೋಗಿದ್ದವು. ಬರಹಗಾರನ ಪಾಲು ಅವನಿಗೆ ಬರುತ್ತಿತ್ತು. ಆದರೆ ಹಾಡನ್ನು ಯಾವ ಜಾಹೀರಾತಿಗೆ, ಯಾವ ಸಿನಿಮಾಕ್ಕೆ ಕೊಡಬೇಕು ಎಂದು ಹೇಳುವ ಅಧಿಕಾರ ಇರಲಿಲ್ಲ. ಸಿರಿವಂತರ ಮಕ್ಕಳು ಯುದ್ಧದಿಂದ ತಪ್ಪಿಸಿಕೊಳ್ಳುವುದರ ಮೇಲೆ ಉರಿದುಬೀಳುವ ‘ಫಾರ್ಚುನೇಟ್ ಸನ್’ ಮುಂದೊಂದು ದಿನ ಜೀನ್ಸ್ ಜಾಹೀರಾತಿನಲ್ಲಿ ಬಂತು. ಬಾವುಟದ ಮಾತು ಬರುವ ಸಾಲನ್ನಷ್ಟೇ ಇಟ್ಟುಕೊಂಡು ವ್ಯಂಗ್ಯವನ್ನು ಕತ್ತರಿಸಿ ಹಾಕಿದ್ದರು.

ತಂಡ ಒಡೆದರೂ ಜಾನ್ ಮಾತ್ರ ಕರಾರಿನಿಂದ ಬಿಡುಗಡೆಯಾಗಲಿಲ್ಲ. 1973ರಲ್ಲಿ ಹಳೆಯ ಕಂಟ್ರಿ ಮತ್ತು ಗಾಸ್ಪೆಲ್ ಹಾಡುಗಳ ಆಲ್ಬಮ್ ತಂದ. ಎಲ್ಲ ವಾದ್ಯವೂ ತಾನೇ ನುಡಿಸಿದ್ದು, ಆದರೆ ಹೆಸರು ಮಾತ್ರ ‘ಬ್ಲೂ ರಿಜ್ ರೇಂಜರ್ಸ್’, ಇಡೀ ತಂಡವೇ ಇದೆಯೆಂಬಂತೆ. ಒಬ್ಬನೇ ಎಲ್ಲ ನುಡಿಸುವುದರಲ್ಲಿ ಒಂದು ಕುತ್ತಿದೆ. ಬೇಸ್ ನುಡಿಸುವವನು ಡ್ರಮ್ಮರ್ ಮುಖ ನೋಡಿ ಅರೆಗಳಿಗೆ ತಡೆಯುವುದು, ತಳ್ಳುವುದು ಇರುತ್ತದಲ್ಲ, ಅದು ಇಲ್ಲಿಲ್ಲ. ಮೊದಲು ರೆಕಾರ್ಡಾದ ವಾದ್ಯ ಬದಲಾಗುವುದಿಲ್ಲ, ಉಳಿದವು ಅದರ ಹಿಂದೆ ನಡೆಯಬೇಕು. ಡ್ರಮ್ಮಿನ ಒಂದು ಸಣ್ಣ ಓಟ ಕೊನೆಯ ಪದರದವರೆಗೂ ಕಾಡುತ್ತದೆ.

1975ರಲ್ಲಿ ಅಸೈಲಮ್ ಕಂಪನಿಗೆ ಮಾಡಿದ ಆಲ್ಬಮ್ಮಿನ ‘ರಾಕಿನ್ ಆಲ್ ಓವರ್ ದ ವರ್ಲ್ಡ್’ ಹಾಡನ್ನು ಎರಡು ವರ್ಷದ ಮೇಲೆ ಬ್ರಿಟನ್ನಿನ ಸ್ಟೇಟಸ್ ಕ್ವೊ ತಂಡ ದೊಡ್ಡ ಹಿಟ್ ಮಾಡಿತು. 1976ರ ‘ಹೂಡೂ’ ಬಿಡುಗಡೆಯೇ ಆಗಲಿಲ್ಲ. ಬಹಾಮಾಸಿನ ಕ್ಯಾಸಲ್ ಬ್ಯಾಂಕಿನಲ್ಲಿ ತೊಡಗಿಸಿದ್ದ ತಂಡದ ಉಳಿತಾಯ ಬ್ಯಾಂಕಿನ ಜೊತೆಗೇ ಮುಳುಗಿತು. ಕೊನೆಗೆ 1980ರ ಹೊತ್ತಿಗೆ ಕರಾರಿನಿಂದ ಬಿಡಿಸಿಕೊಳ್ಳಲು, ಸಿಸಿಆರ್ ರೆಕಾರ್ಡುಗಳಿಂದ ಕಲಾವಿದನಾಗಿ ತನಗೆ ಬರಬೇಕಿದ್ದ ರಾಯಲ್ಟಿಯನ್ನೇ ಬಿಟ್ಟುಕೊಟ್ಟ. (ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ, ಸಿನಿಮಾ ಹಾಡಿನ ಕವಿ ಮತ್ತು ಸಂಗೀತ ನಿರ್ದೇಶಕ ತಮ್ಮ ಸಮಪಾಲು ರಾಯಲ್ಟಿಯ ಹಕ್ಕನ್ನು ನಿರ್ಮಾಪಕನಿಗೆ ಬರೆದುಕೊಡಲು ಬರುವುದಿಲ್ಲ, ಕೊಟ್ಟರೆ ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ. ‘ಉಳುವವನೇ ಹೊಲದೊಡೆಯ’ದ ಸಣ್ಣದೊಂದು ರೂಪ. ಹಳೆಯ ಹಾಡುಗಳ ರಗಳೆ ಅಷ್ಟರಿಂದ ತೀರಲಿಲ್ಲ ಎನ್ನುವುದು ಬೇರೆ ಮಾತು.)

1985ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್‌ನಿಂದ ‘ಸೆಂಟರ್‌ಫೀಲ್ಡ್’ ಬಂತು. ಮತ್ತೆ ಎಲ್ಲ ವಾದ್ಯವೂ ಅವನೇ. ಆಲ್ಬಮ್ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು. ‘ದ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಮೊದಲ ಹತ್ತರೊಳಗೆ ಬಂತು. ಈ ಹಾಡಿನ ವಿಡಿಯೊದಲ್ಲಿ ಕ್ಯಾಮೆರಾ ಒಂದು ಗಿಟಾರ್ ಕೇಬಲ್ ಹಿಂದೆಯೇ ಹೋಗುತ್ತದೆ, ಕಾಡು, ರಸ್ತೆ, ಜನ ದಾಟಿ. ಕೇಬಲ್ಲಿನ ಇನ್ನೊಂದು ತುದಿ ಕೋರ್ಟಿನಲ್ಲಿತ್ತು ಎಂದರೆ ತಪ್ಪಾಗಲಾರದು. ಇದು 1970ರ ‘ರನ್ ಥ್ರೂ ದ ಜಂಗಲ್’ ಹಾಡಿಗೆ ಹೊಸ ಸಾಹಿತ್ಯ ಹೊಂದಿಸಿದ್ದು ಅಷ್ಟೇ ಎಂದು ಫ್ಯಾಂಟಸಿ ದಾವೆ ಹೂಡಿತು. ಆ ಹಾಡನ್ನು ಬರೆದದ್ದೂ ಫೋಗರ್ಟಿಯೇ, ಹಕ್ಕು ಫ್ಯಾಂಟಸಿಯದು. ತನ್ನಿಂದ ತಾನೇ ಕದ್ದ ಆರೋಪ. ಅದೇ ಆಲ್ಬಮ್ಮಿನಲ್ಲಿ ತನ್ನ ಹೆಸರನ್ನೇ ಚುಚ್ಚುವಂತಿದ್ದ ‘ಝ್ಯಾಂಝ್ ಕಾಂಟ್ ಡ್ಯಾನ್ಸ್’ ಹಾಡಿನ ಮೇಲೆ ಝೇಂಟ್ಸ್ ಮಾನನಷ್ಟದ ದಾವೆಯನ್ನೂ ಹಾಕಿದರು. ಹೆಸರು ‘ವ್ಯಾಂಝ್’ ಎಂದು ಬದಲಾಯಿತು, ಆ ದಾವೆ ರಾಜಿಯಲ್ಲಿ ಮುಗಿಯಿತು.

ಕದ್ದ ಆರೋಪವನ್ನು ಸುಮ್ಮನೆ ನಗೆಪಾಟಲು ಎಂದು ತಳ್ಳಿಹಾಕುವಂತಿಲ್ಲ. ಎರಡೂ ಹಾಡು ಕೇಳಿ ನೋಡಿ. ಎರಡರಲ್ಲೂ ಕಾರ್ಡ್ ಬಹುತೇಕ ಒಂದೇ ಕಡೆ ನಿಂತಿರುತ್ತದೆ, ಮಂದ್ರದ ತಂತಿಯ ಮೇಲೆ ಗಿಟಾರ್ ಗುರುಗುಟ್ಟುತ್ತದೆ, ಹಾಡಿನ ಸಾಲು ಮೇಲಿಂದ ಕೆಳಗೆ ಜಾರುತ್ತದೆ, ಸಾಲು ಮುಗಿದ ಕೂಡಲೇ ಗಿಟಾರ್ ಉತ್ತರ ಕೊಡುತ್ತದೆ. ಒಬ್ಬನೇ ಅಕ್ಕಸಾಲಿಗ ಮಾಡಿದ ಎರಡು ಸರಗಳ ಹಾಗೆ. ಕೊಂಡಿ ಹಾಕುವ ರೀತಿ ಒಂದೇ, ಸರ ಬೇರೆ. ಕಾನೂನು ರಕ್ಷಿಸುವುದು ಸರವನ್ನು, ಕೊಂಡಿ ಹಾಕುವ ಕೈಚಳಕವನ್ನಲ್ಲ. ಇದನ್ನು ಬಾಯಲ್ಲಿ ಹೇಳಿ ಜ್ಯೂರಿಗೆ ಮನವರಿಕೆ ಮಾಡುವುದು ಕಷ್ಟ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟಿನಲ್ಲಿ ಫೋಗರ್ಟಿ ಸಾಕ್ಷಿಕಟ್ಟೆಯಲ್ಲಿ ಗಿಟಾರ್ ಹಿಡಿದು ಕೂತು, ತಾನು ಹಾಡು ಕಟ್ಟುವುದು ಹೇಗೆ, ಎಲ್ಲಿ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನುಡಿಸಿಯೇ ತೋರಿಸಿದ. ಜ್ಯೂರಿ ಅವನ ಪರ ನಿಂತಿತು.

ಗೆದ್ದರೂ ವಕೀಲರ ಖರ್ಚು ತಲೆಯ ಮೇಲೆ ಉಳಿಯಿತು. ಆಗ ಅವನಿದ್ದ ಭಾಗದ ಫೆಡರಲ್ ಕೋರ್ಟುಗಳಲ್ಲಿ ಎರಡು ಅಳತೆಗೋಲು ನಡೆಯುತ್ತಿತ್ತು: ದಾವೆ ಹೂಡಿದವನು ಗೆದ್ದರೆ ಖರ್ಚು ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ, ಆರೋಪಿತನು ಗೆದ್ದರೆ, ದಾವೆ ಕ್ಷುಲ್ಲಕ ಅಥವಾ ದುರುದ್ದೇಶದ್ದು ಎಂದು ಸಾಬೀತು ಮಾಡಿದರೆ ಮಾತ್ರ. ಫೋಗರ್ಟಿ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದ. 1994ರ ಮಾರ್ಚ್ 1ರಂದು ಒಮ್ಮತದ ತೀರ್ಪು ಬಂತು: ಇಬ್ಬರಿಗೂ ಒಂದೇ ಅಳತೆಗೋಲು, ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಕೇಸು ಕೆಳಗಿನ ಕೋರ್ಟಿಗೆ ಮರಳಿ ಅವನಿಗೆ 13 ಲಕ್ಷ 47 ಸಾವಿರ ಡಾಲರಿಗೂ ಮಿಕ್ಕಿ ಖರ್ಚು ಮಂಜೂರಾಯಿತು. ಅಮೆರಿಕದಲ್ಲಿ ಕಾಪಿರೈಟ್ ಓದುವ ವಿದ್ಯಾರ್ಥಿಗಳಿಗೆ ‘ಫೋಗರ್ಟಿ ವರ್ಸಸ್ ಫ್ಯಾಂಟಸಿ’ ಇವತ್ತಿಗೂ ಪಾಠ.

ಈ ನಡುವೆ ಸಿಸಿಆರ್ ಹಾಡುಗಳನ್ನು ವೇದಿಕೆಯಲ್ಲಿ ಹಾಡುವುದನ್ನೇ ಅವನು ನಿಲ್ಲಿಸಿದ್ದ. ಹೀಗೇ ಬಿಟ್ಟರೆ ಜನ ‘ಪ್ರೌಡ್ ಮೇರಿ’ಯನ್ನು ಟೀನಾ ಟರ್ನರ್ ಹಾಡು ಅಂದುಕೊಳ್ಳುತ್ತಾರೆ ಎಂದು 1987ರಲ್ಲಿ ಬಾಬ್ ಡಿಲನ್ ಚುಚ್ಚಿದ್ದನ್ನು ಫೋಗರ್ಟಿ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾನೆ. ಅದೇ ವರ್ಷ ಜುಲೈ 4ರಂದು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಸೈನಿಕರಿಗಾಗಿ ವಾಷಿಂಗ್ಟನ್ ಹತ್ತಿರ ನಡೆದ ಕಛೇರಿಯಲ್ಲಿ ಆ ಹಾಡುಗಳು ಮತ್ತೆ ಹೊರಬಂದವು. ಅಣ್ಣ ಟಾಮ್ 1990ರಲ್ಲಿ ತೀರಿಕೊಂಡ, ಇಬ್ಬರ ನಡುವಿನ ಮನಸ್ತಾಪ ತೀರದೆಯೇ. 1993ರಲ್ಲಿ ರಾಕ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಕುಕ್ ಮತ್ತು ಕ್ಲಿಫರ್ಡ್ ಸಭೆಯಲ್ಲಿ ಕೂತಿದ್ದಾಗ ಜಾನ್ ಬೇರೆಯವರ ಜೊತೆ ನುಡಿಸಿದ. ಒರಟುತನ ಶಬ್ದದಲ್ಲಿ ಮಾತ್ರ ಇರಲಿಲ್ಲ ಅನ್ನಬೇಕು. 1997ರ ‘ಬ್ಲೂ ಮೂನ್ ಸ್ವಾಂಪ್’ ಆಲ್ಬಮ್ಮಿಗೆ ಡೋಬ್ರೊ ಎಂಬ ಗಿಟಾರ್ ಜಾತಿಯ ವಾದ್ಯವನ್ನು ಕೂತು ಕಲಿತ, ಹಲವು ಡ್ರಮ್ಮರುಗಳನ್ನು ಬದಲಿಸಿ ವರ್ಷಗಟ್ಟಲೆ ತೆಗೆದುಕೊಂಡ. ಅದಕ್ಕೆ ಅತ್ಯುತ್ತಮ ರಾಕ್ ಆಲ್ಬಮ್ ಗ್ರ್ಯಾಮಿ ಬಂತು.

2004ರಲ್ಲಿ ಕಾಂಕಾರ್ಡ್ ಕಂಪನಿ ಫ್ಯಾಂಟಸಿಯನ್ನು ಕೊಂಡು, ಅವನು ಬಿಟ್ಟುಕೊಟ್ಟಿದ್ದ ರಾಯಲ್ಟಿಯನ್ನು ಮತ್ತೆ ಕೊಡತೊಡಗಿತು. 2023ರ ಜನವರಿಯಲ್ಲಿ ಸಿಸಿಆರ್ ಹಾಡುಗಳ ಪಬ್ಲಿಷಿಂಗ್ ಹಕ್ಕಿನಲ್ಲಿ ಹೆಚ್ಚಿನ ಪಾಲನ್ನು ಫೋಗರ್ಟಿ ಕೊಂಡುಕೊಂಡ. ಅರ್ಧ ಶತಮಾನದ ಮೇಲೆ, ತಾನು ಬರೆದ ಹಾಡನ್ನು ದುಡ್ಡು ಕೊಟ್ಟು. ಸಮಯವೂ ಗಮನಿಸತಕ್ಕದ್ದು. 1978ಕ್ಕೆ ಮುಂಚಿನ ಕೃತಿಗಳಲ್ಲಿ, ಕಾಪಿರೈಟ್ ಶುರುವಾಗಿ 56 ವರ್ಷ ತುಂಬಿದಾಗ ಮೂಲ ಲೇಖಕ ನೋಟಿಸು ಕೊಟ್ಟು ಹಕ್ಕನ್ನು ಹಿಂಪಡೆಯಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ. 1969ರ ಹಾಡಿಗೆ ಆ ಅವಕಾಶ ತೆರೆಯುವುದು 2025ರಲ್ಲಿ. ನೋಟಿಸನ್ನು ಕನಿಷ್ಠ ಎರಡು, ಗರಿಷ್ಠ ಹತ್ತು ವರ್ಷ ಮುಂಚಿತವಾಗಿ ಕೊಡಬೇಕು. ದಿನ ತಪ್ಪಿಸಿಕೊಂಡವರು ತುಂಬಾ ಜನ. ಅದೂ ಅಮೆರಿಕದ ಹಕ್ಕಿಗೆ ಮಾತ್ರ, ಉಳಿದ ದೇಶಗಳದ್ದು ಕೊಂಡೇ ಪಡೆಯಬೇಕು. ಮಾಸ್ಟರಿನ ಕಥೆ ಇನ್ನೂ ಕಷ್ಟ. ಧ್ವನಿಮುದ್ರಣಕ್ಕೆ ಅಮೆರಿಕದ ಫೆಡರಲ್ ಕಾಪಿರೈಟ್ ಬಂದದ್ದೇ 1972ರ ಫೆಬ್ರುವರಿ 15ರಿಂದ. ಅದಕ್ಕೆ ಮುಂಚಿನ ಟೇಪುಗಳಿಗೆ ಈ 56 ವರ್ಷದ ದಾರಿ ತೆರೆದಿಲ್ಲ. ಸಿಸಿಆರ್ ಹಾಡುಗಳಲ್ಲಿ ಹೆಸರುವಾಸಿಯಾದವೆಲ್ಲ ಆ ದಿನಾಂಕದ ಹಿಂದಿನವೇ.

ಉಳಿದ ದಾರಿ ಒಂದೇ, ಮತ್ತೆ ಹಾಡುವುದು. 2025ರ ಆಗಸ್ಟಿನಲ್ಲಿ ಬಂದ ‘ಲೆಗಸಿ’ ಆಲ್ಬಮ್ಮಿನಲ್ಲಿ 20 ಸಿಸಿಆರ್ ಹಾಡುಗಳಿವೆ, ಜೊತೆಗೆ ನುಡಿಸಿದವರು ಮಕ್ಕಳಾದ ಶೇನ್ ಮತ್ತು ಟೈಲರ್. ಕಾರ್ಡ್, ಲಯ, ಜೋಡಣೆ ಎಲ್ಲವನ್ನೂ ಹಳೆಯದಕ್ಕೆ ಆದಷ್ಟು ಹತ್ತಿರ ಇಟ್ಟಿದ್ದಾರೆ. ಹೆಡ್‌ಫೋನ್ ಹಾಕಿ ಎರಡನ್ನೂ ಪಕ್ಕಪಕ್ಕ ಕೇಳಿದರೆ ವ್ಯತ್ಯಾಸ ಮೊದಲು ಸಿಗುವುದು ಗಂಟಲಲ್ಲಿ. ಎಂಬತ್ತರ ದನಿ ಕಿರುಚುವಲ್ಲಿ ಒಂದು ಕೂದಲೆಳೆ ಹಿಂದೆ ನಿಲ್ಲುತ್ತದೆ. ಆಲ್ಬಮ್ ಹೊರತಂದದ್ದು ಕಾಂಕಾರ್ಡ್. 1969ರ ಟೇಪುಗಳು ಇರುವುದೂ ಅವರ ಬಳಿಯೇ.